ಮೂಗಮ್ಮನ ಬಲಗಾಲು

ಮೂಗಮ್ಮನ ಬಲಗಾಲಿಗೆ ಊರಿನಲ್ಲಿದ್ದ ಮರ್ಯಾದೆ ಮೂಗಮ್ಮನಿಗೆ ಇರಲಿಲ್ಲ.

ಅವಳು ಹುಟ್ಟಿದ್ದು ಚಾಮರಾಜನಗರದ ಹತ್ತಿರದ ಉಡಿಗಾಲದಲ್ಲಿ, ಕಾಲು ಮುಂದಾಗಿ. ಹಾಗೆ ಹುಟ್ಟಿದವರು ಉಳುಕಿದ ಜಾಗವನ್ನು ತುಳಿದರೆ ಉಳುಕು ಬಿಡುತ್ತದೆ ಎಂದು ಈ ಸೀಮೆಯಲ್ಲಿ ನಂಬುತ್ತಾರೆ. ಅವಳು ಮುದ್ದಯ್ಯನನ್ನು ಮದುವೆಯಾಗಿ ಗುಂಡ್ಲುಪೇಟೆಯಿಂದಾಚೆ, ಗೋಪಾಲಸ್ವಾಮಿ ಬೆಟ್ಟದ ಮಗ್ಗುಲು ಕಾಣುವ ಈ ಊರಿಗೆ ಬಂದಾಗ, ಅತ್ತೆ ಆ ಸುದ್ದಿಯನ್ನು ಬೀದಿ ಬೀದಿಗೆ ಹೇಳಿಕೊಂಡು ಬಂದಳು. ಸೊಸೆಯಲ್ಲಿ ಆಕೆ ಮೆಚ್ಚಿದ್ದು ಅದೊಂದೇ.

ಅಂದಿನಿಂದ ಯಾರ ಸೊಂಟ ಹಿಡಿದರೂ, ಯಾರ ಕುತ್ತಿಗೆ ಉಳುಕಿದರೂ, ಯಾರ ಕಾಲು ಹೊರಳಿದರೂ ಮೂಗಮ್ಮನಿಗೆ ಕರೆ ಬರುತ್ತಿತ್ತು. ಬಿಸಿಲು ಬೀಳುವ ಮೊದಲು ಹೋಗಬೇಕು. ದಾರಿಯಲ್ಲಿ ಯಾರನ್ನೂ ಮಾತಾಡಿಸಬಾರದು. ನೋವಿದ್ದವರು ಬೋರಲಾಗಿ ಮಲಗಿರುತ್ತಾರೆ. ಬಲಗಾಲಿನ ಹಿಮ್ಮಡಿಯನ್ನು ನೋವಿನ ಮೇಲೆ ಮೂರು ಸಲ ಒತ್ತಿ, ಅವರನ್ನು ದಾಟಿ, ಹಿಂದೆ ನೋಡದೆ ಬಂದುಬಿಡಬೇಕು. ಅದಕ್ಕೆ ಏನನ್ನೂ ತೆಗೆದುಕೊಳ್ಳಬಾರದು. ತೆಗೆದುಕೊಂಡರೆ ಕಾಲಿನ ಗುಣ ಹೋಗುತ್ತದೆ. ಹೆಚ್ಚಿನವರ ಉಳುಕು ಬಿಡುತ್ತಿತ್ತು. ಸುಮ್ಮನೆ ಮಲಗಿದ್ದರೆ ತಾನಾಗಿಯೇ ಬಿಡುತ್ತಿತ್ತೋ ಏನೋ, ಯಾರೂ ಮಲಗಿ ನೋಡಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ಕರೆ ಬರುತ್ತಿದ್ದದ್ದು ದೊಡ್ಡಮನೆಯಿಂದ. ಯಜಮಾನ ನೀಲಕಂಠಸ್ವಾಮಿಗೆ ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿ ಇತ್ತು, ಊರಿನಲ್ಲಿ ಅರಿಶಿನದ ಹೊಲ, ಚೆಂಡುಹೂವಿನ ಹೊಲ ಇದ್ದವು, ಮತ್ತು ಚಳಿಗೊಮ್ಮೆ ಮಳೆಗೊಮ್ಮೆ ಹಿಡಿದುಕೊಳ್ಳುವ ಸೊಂಟ ಇತ್ತು. ಮೂಗಮ್ಮ ಹಿತ್ತಲ ಬಾಗಿಲಿನಿಂದ ಹೋಗುತ್ತಿದ್ದಳು. ಮುಂದಿನ ಜಗಲಿ ಹತ್ತಬಾರದ ಕಾಲು ಯಜಮಾನರ ಬೆನ್ನು ಹತ್ತಬಹುದಿತ್ತು. ಬೆಳಗಾದ ಮೇಲೆ ಅದೇ ಮನೆಯ ಹೊಲದಲ್ಲಿ ಹೂ ಬಿಡಿಸುತ್ತ ನೀರು ಕೇಳಿದರೆ, ಯಜಮಾನಿ ಕರಿಬಸಮ್ಮ ಅವಳ ಬೊಗಸೆಗೆ ಮೇಲಿನಿಂದ ಹುಯ್ಯುತ್ತಿದ್ದಳು. ಚೊಂಬು ಬೊಗಸೆಗೆ ತಾಕದಂತೆ ಹುಯ್ಯುವುದರಲ್ಲಿ ಕರಿಬಸಮ್ಮನ ಕೈ ಪಳಗಿತ್ತು.

ಮೂಗಮ್ಮ ಇದನ್ನೆಲ್ಲ ನುಂಗಿಕೊಂಡು ನಗುವ ಹೆಂಗಸಲ್ಲ. ಅವಳ ನಾಲಿಗೆಗೆ ಅವಳ ಬೀದಿಯವರೇ ಹೆದರುತ್ತಿದ್ದರು. ತುಳಿಯುವಾಗ ಮಾತಾಡುವಂತಿರಲಿಲ್ಲವಾದ್ದರಿಂದ, ಹೇಳಬೇಕಾದದ್ದನ್ನು ಹಿಮ್ಮಡಿಯಲ್ಲೇ ಹೇಳುತ್ತಿದ್ದಳು. ನೀಲಕಂಠಸ್ವಾಮಿ ನರಳಿದರೆ ಕರಿಬಸಮ್ಮ ಪಕ್ಕದಲ್ಲಿ ನಿಂತು, "ಉಳುಕು ಬುಡ್ತಾ ಅದ, ಸುಮ್ಕಿರಿ" ಎಂದು ಸಮಾಧಾನ ಮಾಡುತ್ತಿದ್ದಳು.

ಆ ವರ್ಷ ಸಣ್ಣ ಈರುಳ್ಳಿಯ ಕಾಲದಲ್ಲಿ ಮೂಗಮ್ಮ ಆ ಮಂಡಿಯ ಕೆಲಸಕ್ಕೇ ಹೋಗುತ್ತಿದ್ದಳು. ಈರುಳ್ಳಿ ಆರಿಸುವುದು, ಮೂಟೆ ತುಂಬುವುದು, ದಬ್ಬಳದಲ್ಲಿ ಮೂಟೆಯ ಬಾಯಿ ಹೊಲಿಯುವುದು. ಕೇರಳಕ್ಕೆ ಹೊರಡಬೇಕಿದ್ದ ಲಾರಿ ಹೊರಗೆ ಹಾರನ್ ಹೊಡೆಯುತ್ತಿತ್ತು. ಅವಸರದಲ್ಲಿ ಕಟ್ಟೆಯಿಂದ ಇಳಿದ ಅವಳ ಬಲಗಾಲು ನೆಲಕ್ಕೆ ಚೆಲ್ಲಿದ್ದ ಈರುಳ್ಳಿಯ ಮೇಲೆ ಬಿತ್ತು. ಈರುಳ್ಳಿ ಉರುಳಿತು. ಪಾದ ಒಳಕ್ಕೆ ಮಡಚಿಕೊಂಡು, ಮೈಭಾರವೆಲ್ಲ ಕಾಲಿನ ಹೊರಗಿನ ಗಿಣ್ಣಿನ ಮೇಲೆ ಕುಸಿಯಿತು. ಒಳಗೆ ಏನೋ ಪಟ್ಟೆಂದದ್ದು ಅವಳಿಗೆ ಕೇಳಿಸಿತು. ಮೂಟೆ ಹೊಲಿಯುವಾಗ ಸುತಲಿ ದಾರ ಕಡಿದರೆ ಬರುವಂಥ ಸದ್ದು.

ಮೂಟೆ ಹೊರುವ ಪುಟ್ಟರಾಜು ಬೆನ್ನ ಮೇಲಿನ ಮೂಟೆಯ ಅಡಿಯಿಂದಲೇ ಇಣುಕಿದ. "ಏನಕ್ಕ, ತುಳಿಯೋರ ಕಾಲೇ ಉಳುಕ್ಬುಡ್ತಾ?"

"ಉಳುಕಾಕೆ ಇದೇನ್ಲಾ ನಿನ್ ಸೊಂಟವಾ? ಮೂಟ ಲಾರೀಗ್ ಆಕು ಓಗು."

ಸುತ್ತಲಿದ್ದವರು ನಕ್ಕರು. ಮೂಗಮ್ಮ ಎದ್ದು ನಿಂತಳು. ಆ ನಗೆಯೊಳಗೆ ಇದ್ದದ್ದು ಅವಳಿಗೆ ಗೊತ್ತಿತ್ತು. ಕಾಲು ಮುಂದಾಗಿ ಹುಟ್ಟಿದವರ ಕಾಲು ಉಳುಕುವುದಿಲ್ಲ. ಉಳುಕಿತೆಂದರೆ ಅದರ ಗುಣ ಹೋಯಿತೆಂದೇ ಅರ್ಥ. ಅವಳು ಸಂಜೆಯವರೆಗೂ ಹೊಲಿದಳು. ಬಸ್ಸಿನಲ್ಲಿ ನಿಂತುಕೊಂಡೇ ಬಂದಳು. ಊರು ಬಂದಾಗ ಕಾಲಿನ ಗಿಣ್ಣು ಕಾಣದಂತೆ ಊದಿತ್ತು.

ಅವಳು ಯಾರಿಗೂ ಹೇಳಲಿಲ್ಲ. ಎಕ್ಕದ ಎಲೆಯನ್ನು ಕೆಂಡಕ್ಕೆ ಬಾಡಿಸಿ, ಹರಳೆಣ್ಣೆ ಅರಿಶಿನ ಹಚ್ಚಿ, ಹಳೆಯ ರವಿಕೆಯ ಬಟ್ಟೆಯಲ್ಲಿ ಕಟ್ಟಿ ಸೀರೆಯ ಅಂಚು ಇಳಿಬಿಟ್ಟಳು. ಹೊರಗಿನ ಗಿಣ್ಣಿನ ಕೆಳಗಿಂದ ಕಿರುಬೆರಳಿನವರೆಗೆ ನೇರಳೆ ಹಣ್ಣು ಜಜ್ಜಿದ ಬಣ್ಣ ಇಳಿಯಿತು. ಊರಿನಲ್ಲಿ ಹಾಗೆ ಹುಟ್ಟಿದವರು ಬೇರೆ ಯಾರೂ ಇರಲಿಲ್ಲ. ಒಂದು ಬೆಳಗಿನ ಜಾವ ಮನೆಯ ಹಿಂದೆ ಕೂತು, ತನ್ನ ಎಡಗಾಲಿನ ಹಿಮ್ಮಡಿಯಿಂದ ತನ್ನದೇ ಬಲಗಾಲಿನ ಗಿಣ್ಣನ್ನು ಮೂರು ಸಲ ಒತ್ತಿದಳು. ಕಣ್ಣಿಗೆ ಕತ್ತಲೆ ಬಂತು. ಒತ್ತಿದ ಮೇಲೆ ದಾಟಬೇಕು. ತನ್ನನ್ನು ತಾನು ದಾಟುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಆಮೇಲೆ ಕಾಲು ಅವಳ ಮಾತು ಕೇಳುವುದನ್ನು ಬಿಟ್ಟಿತು. ಚೆಂಡುಹೂವಿನ ಸಾಲಿನಲ್ಲಿ ಹೆಂಟೆ ತಾಕಿದರೆ ಹೊರಳಿತು. ಬದುವಿನ ಮೇಲೆ ಹೊರಳಿತು. ಕೊನೆಗೆ ಗುಡಿಸಿ ಸಾರಿಸಿದ ತನ್ನದೇ ಅಂಗಳದಲ್ಲಿ ಹೊರಳಿತು. ಪ್ರತಿ ಸಲವೂ ಅವಳು ಬಗ್ಗಿ ಏನನ್ನೋ ಹುಡುಕುವವಳಂತೆ ನಟಿಸಿ ಮೇಲೆದ್ದಳು.

ಅವಳ ಮಗಳು ಮಾನಸ ಚಾಮರಾಜನಗರದ ಒಂದು ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಆಯಾ ಕೆಲಸದಲ್ಲಿದ್ದಳು. ಭಾನುವಾರ ಊರಿಗೆ ಬಂದವಳು ಅವ್ವ ಒಲೆಯ ಮುಂದಿನಿಂದ ಏಳುವುದನ್ನು ನೋಡಿ, ಹತ್ತಿರ ಬಂದು ಸೀರೆಯ ಅಂಚನ್ನು ಎತ್ತಿಯೇಬಿಟ್ಟಳು.

"ಇದ್ಯಾವತ್ತಿಂದು?"

"ಸೀರ ಬುಡಮ್ಮಿ, ಯಾರಾರ ಬಂದಾರು."

"ಬರ್ಲಿ, ನೋಡ್ಲಿ. ಊರ್ನೋರ್ ಕಾಲೆಲ್ಲ ನೆಟ್ಗ್ ಮಾಡ್ಬುಟ್ಟು ನಿಂದ್ ಕೊಳೀಲಿ ಅಂತ ಇಟ್ಕಂಡಿದ್ದೀಯಾ?"

"ನೀ ನಂಗ್ ಏಳ್ಕೊಡ್ಬೇಡ. ನಿನ್ ಸೊಂಟ್ವ ಚಿಕ್ದ್ರಲ್ಲಿ ತುಳ್ದಿದ್ದು ಇದೇ ಕಾಲು."

"ಅದ್ಕೇ ಕೇಳ್ತಾ ಇರೋದು ಕಣವ್ವ."

ಮಾನಸಳ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಮೂಳೆ ಸರಿಯಾಗಿದೆ ಎಂದರು. ಆಮೇಲೆ ಒಂದು ಕೈಯಲ್ಲಿ ಅವಳ ಮೊಣಕಾಲಿನ ಕೆಳಗಿನ ಭಾಗವನ್ನು ಒತ್ತಿ ಹಿಡಿದು, ಇನ್ನೊಂದರಲ್ಲಿ ಹಿಮ್ಮಡಿಯನ್ನು ಮುಂದಕ್ಕೆ ಎಳೆದರು. ಪಾದ ಸಡಿಲವಾದ ಮೇಜಿನ ಖಾನೆಯ ಹಾಗೆ ಮುಂದಕ್ಕೆ ಬಂತು. ಎಡಗಾಲನ್ನು ಹಾಗೇ ಎಳೆದರು. ಅದು ಅಲುಗಲಿಲ್ಲ. ಮೂಗಮ್ಮ ಎರಡನ್ನೂ ನೋಡುತ್ತಿದ್ದಳು.

"ಮೂಳೆಗೆ ಮೂಳೆಯನ್ನು ಕಟ್ಟಿ ಹಿಡಿಯುವ ಪಟ್ಟಿಗಳಿರುತ್ತವಮ್ಮ. ಲಿಗಮೆಂಟ್ ಅಂತೀವಿ. ಹೊರಗಿನ ಗಿಣ್ಣಿನ ಸುತ್ತ ಮೂರಿವೆ. ನಿಮ್ಮದು ಮುಂದಿನದು ಪೂರ್ತಿ ಹರಿದಿದೆ. ಅದರ ಪಕ್ಕದ್ದು ಅರ್ಧ."

"ಮೂಟ ಬಾಯಿ ಹೊಲ್ಗ ಬುಟ್ಟಂಗ."

"ಹಾಗೇ ಅಂದುಕೊಳ್ಳಿ."

"ಮತ್ತ ಹೊಲ್ದುಬುಡಿ."

"ಹೊಲಿಯುವುದು ಕಡೆಗೆ. ಮೊದಲು ತಾನಾಗಿ ಕೂಡಿಕೊಳ್ಳಲು ಬಿಡೋಣ. ಇದನ್ನು ಯಾರಾದರೂ ತಿಕ್ಕಿದರಾ, ಒತ್ತಿದರಾ?"

ಮೂಗಮ್ಮ ಗೋಡೆಯ ಮೇಲಿನ ಫ್ಯಾನ್ ಸ್ವಿಚ್ಚನ್ನು ನೋಡಿದಳು.

ಹಿಂಬದಿಗೆ ಅರ್ಧ ಪ್ಲಾಸ್ಟರಿನ ಹಲಗೆ ಇಟ್ಟು, ಬೆರಳಿನಿಂದ ಮೊಣಕಾಲಿನ ಹತ್ತಿರದವರೆಗೆ ಬಟ್ಟೆಯ ಪಟ್ಟಿ ಸುತ್ತಿದರು. ಒಂದೂವರೆ ತಿಂಗಳು ಆ ಕಾಲಿನ ಮೇಲೆ ಭಾರ ಬಿಡಬಾರದು. ಆಮೇಲೆ ಗಟ್ಟಿ ಕಾಲುಪಟ್ಟಿ, ವ್ಯಾಯಾಮ. ಈ ನಡುವೆ ಇನ್ನೊಮ್ಮೆ ಹೊರಳಿದರೆ, ಯಾರಾದರೂ ಎಳೆದರೆ, ಅದರಿಂದ ಏನನ್ನಾದರೂ ಒತ್ತಿದರೆ ಆಪರೇಷನ್ನೇ ಗತಿ. ಆಪರೇಷನ್ ಆದ ಮೇಲೂ ಹೊಲದ ನೆಲದಲ್ಲಿ ಆ ಕಾಲನ್ನು ನಂಬಲಾಗದು. ಹೊಲದ ನೆಲ ಬಿಟ್ಟರೆ ಮೂಗಮ್ಮನಿಗೆ ಬೇರೆ ನೆಲ ಇರಲಿಲ್ಲ. ಡಾಕ್ಟರು ಹೇಳಿದ್ದರಲ್ಲಿ ಅವಳ ಕಿವಿಯಲ್ಲಿ ಉಳಿದದ್ದು ಆ ಮಾತೊಂದೇ.

ಕಟ್ಟಿದ ಕಾಲನ್ನು ಸೀರೆಯ ಅಂಚಿನಲ್ಲಿ ಮುಚ್ಚುವಂತಿರಲಿಲ್ಲ. ಆಟೋದಿಂದ ಇಳಿದ ಕೂಡಲೇ ಬೀದಿಗೆ ಬೀದಿಯೇ ನೋಡಿತು.

"ಮೂಳ ಮುರ್ದಿಲ್ಲ ಅಂತ ಅವ್ರೇ ಅಂದವ್ರ" ಎಂದ ಮುದ್ದಯ್ಯ. ಅವನೂ ಅದೇ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. "ಮತ್ಯಾಕ ಈ ಬಿಳಿ ಬೂಟು? ಬರೀ ಉಳುಕು ತಾನೆ."

"ಬರೀ ಉಳುಕಾದ್ರ ನೀನೇ ಆಕ್ಕೊಂಡ್ ನಡಿ."

ಎದುರು ಮನೆಯ ದೊಡ್ಡಮಲ್ಲಮ್ಮ ತನ್ನ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತ ಯಾರಿಗೂ ಅಲ್ಲದಂತೆ ಹೇಳಿದಳು. "ಕದ್ದು ಏನಾರ ಇಸ್ಕೊಂಡಿರ್ಬೇಕು ಕಣ. ಸುಮ್ಸುಮ್ನ ಕಾಲಿನ್ ಗುಣ ಓದಾತಾ?"

ವಾರ ಕಳೆದಿರಲಿಲ್ಲ, ನೀಲಕಂಠಸ್ವಾಮಿಗೆ ಸೊಂಟ ಹಿಡಿಯಿತು. ದೊಡ್ಡಮನೆಯಿಂದ ಆಳು ಬಂದು ಹೇಳಿ ಹೋದ. ಮೂಗಮ್ಮ ಆಗುವುದಿಲ್ಲ ಎಂದು ಹೇಳಿ ಕಳಿಸಿದಳು. ಮಧ್ಯಾಹ್ನ ಕರಿಬಸಮ್ಮನೇ ಬಂದಳು. ಬೀದಿಯೊಳಕ್ಕೆ ಬರಲಿಲ್ಲ, ಬೀದಿ ಶುರುವಾಗುವ ಕಡೆ, ನಲ್ಲಿಯ ಹತ್ತಿರ ನಿಂತು ಅಲ್ಲಿಂದಲೇ ಕೂಗಿದಳು.

"ಅಮ್ಮಿ ಮೂಗಿ, ಏನಂತ ಏಳ್ಕಳ್ಸಿದ್ದೀಯೆ?"

ಮೂಗಮ್ಮ ಬಾಗಿಲಲ್ಲಿ ಕೂತಿದ್ದಳು. ಕಟ್ಟಿದ ಕಾಲು ಮುಂದಕ್ಕೆ ಚಾಚಿತ್ತು. "ಕಾಲ್ ಕಟ್ಟವ್ರ ಅವ್ವಾರೆ. ಮಡಗ್ಬೇಡ ಅಂದವ್ರ."

"ಬಟ್ಟ ತಾನೆ? ಬಿಚ್ಚು. ಎರಡ್ ನಿಮ್ಷದ್ ಕೆಲ್ಸ. ಆಮೇಲ ನಿನ್ ಮಗಳ್ ಕಯ್ಯಲ್ಲಿ ಬೇಕಾದಂಗ ಕಟ್ಟಿಸ್ಕೊ."

"ಡಾಕ್ಟ್ರು—"

"ಡಾಕ್ಟ್ರು ಕೂಲಿ ಕೊಟ್ಟಾರ ನಿಂಗ? ಆ ಮನುಷ್ಯ ಮಗ್ಗಲು ತಿರುಗಕಾಯ್ತಿಲ್ಲ. ಆಕಾಶದ್ ಕಡೆ ಮುಖ ಮಾಡಿ ಎರಡ್ ದಿನ ಆಯ್ತು. ನೀ ಇಲ್ಲಿ ರಾಣಿ ಅಂಗ ಕಾಲ್ ಚಾಚ್ಕೊಂಡ್ ಕುಂತಿದ್ದೀಯೆ." ಕರಿಬಸಮ್ಮ ಕೊಡ ತುಂಬುತ್ತಿದ್ದ ಹೆಂಗಸರತ್ತ ತಿರುಗಿದಳು. "ನಾಳ ಬೆಳಗಾಗಕ್ ಮುಂಚ ಬರ್ದಿದ್ರ, ನಮ್ ಹೊಲದ್ ಬದ ಮ್ಯಾಲ ಈ ಬೀದಿಯೋರು ಯಾರೂ ಕಾಲ್ ಮಡಗ್ಬೇಡಿ. ಮುಳ್ ಆಕಿಸ್ತೀನಿ."

ಬಸ್ ನಿಲ್ಲುವ ರಸ್ತೆಗೆ ಆ ಬದುವೇ ದಾರಿ. ಅದಿಲ್ಲದಿದ್ದರೆ ಕೆರೆಯ ಏರಿ ಸುತ್ತಿಕೊಂಡು ಹೋಗಬೇಕು. ಕರಿಬಸಮ್ಮ ಹೋದ ಮೇಲೆ ಕೊಡದ ಹೆಂಗಸರು ಮಾತಾಡಿದ್ದು ಕರಿಬಸಮ್ಮನ ಮೇಲಲ್ಲ.

"ಇವಳ ಒಂದ್ ಕಾಲಿಗೆ ನಮ್ ಎಲ್ಲರ್ ಕಾಲೂ ಸವೀಬೇಕಾ?"

ಮುದ್ದಯ್ಯ ಸಂಜೆ ಮಂಡಿಯಿಂದ ಬಂದು ಚಪ್ಪಲಿಯನ್ನು ಮೂಲೆಗೆ ಎಸೆದ. "ಓಗಿ ತುಳ್ದುಬುಟ್ಟು ಬಾ. ಇಷ್ಟ್ ವರ್ಷ ತುಳೀನಿಲ್ವಾ?"

"ಇಷ್ಟ್ ವರ್ಷ ನಂಗೂ ನೋಯ್ತಿರ್ನಿಲ್ಲ."

"ನಿಂದು ಕಾಲು ಮುಂದಾದ್ ಕಾಲು ಕಣ. ನೋಯಾಕ್ ಬಾರ್ದು."

ಮುದ್ದಯ್ಯ ಇದನ್ನು ಕುಹಕಕ್ಕೆ ಹೇಳಿದ್ದಲ್ಲ, ನಂಬಿಯೇ ಹೇಳಿದ್ದು.

ಮರುದಿನ ಕೆಂಪು ಮೂಡುವ ಮೊದಲೇ ಅವಳು ಕೋಲು ಊರಿಕೊಂಡು ಬದುವಿನ ಮೇಲೆ ಹೊರಟಳು. ಎರಡೂ ಕಡೆ ಚೆಂಡುಹೂವು ಇನ್ನೂ ಬಣ್ಣ ಬಾರದೆ ಬೂದಿಯ ಹಾಗಿತ್ತು. ಬೆಟ್ಟ ಮಂಜಿನೊಳಗೆ ಇರಲೇ ಇಲ್ಲ. ಬಲಗಾಲನ್ನು ನೆಲಕ್ಕೆ ತಾಕಿಸದೆ, ಎಡಗಾಲಿನಿಂದ ಕೋಲಿಗೆ, ಕೋಲಿನಿಂದ ಎಡಗಾಲಿಗೆ ಜಿಗಿದು ಜಿಗಿದು ಹಿತ್ತಲು ಮುಟ್ಟುವಷ್ಟರಲ್ಲಿ ಅವಳ ಮೈ ಬೆವತಿತ್ತು.

ನೀಲಕಂಠಸ್ವಾಮಿಯನ್ನು ಚಾಪೆಯ ಮೇಲೆ ಬೋರಲು ಮಲಗಿಸಿದ್ದರು. ಬೆನ್ನು ಬರಿದಾಗಿತ್ತು. ಕರಿಬಸಮ್ಮ ತಲೆಯ ಹತ್ತಿರ ನಿಂತಿದ್ದಳು. ಹಾಲು ಕರೆಯಲು ಬಂದ ಆಳುಗಳು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು, ಸೊಂಟ ಬಿಡುವುದನ್ನು ನೋಡಿಕೊಂಡೇ ಹೋಗುವವರಂತೆ. ಯಜಮಾನರ ಮಗ ರಾಜಶೇಖರ್ ಒಳಗಿನಿಂದ ಕತ್ತರಿ ಹಿಡಿದುಕೊಂಡು ಬಂದ.

"ಕುಂತ್ಕೊ. ಪಟ್ಟಿ ನಾನೇ ಕತ್ತರಿಸ್ತೀನಿ, ಬೇಗ ಆಗುತ್ತೆ."

ಅವನು ಬಗ್ಗಿ ಕತ್ತರಿಯ ತುದಿಯನ್ನು ಬೆರಳುಗಳ ಹತ್ತಿರದ ಬಟ್ಟೆಯೊಳಕ್ಕೆ ತೂರಿಸಿದ. ತಣ್ಣನೆಯ ಕಬ್ಬಿಣ ಚರ್ಮಕ್ಕೆ ತಾಕಿತು. ಮೂಗಮ್ಮ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

"ನಾ ಕಾಲು ಮುಂದಾಗಿ ಹುಟ್ದೋಳಲ್ಲ ಬುದ್ದಿ."

ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಅವಳವ್ವನ ಹೆರಿಗೆ ಮಾಡಿಸಿದ ಪುಟ್ಟಸಿದ್ದಮ್ಮ ಉಡಿಗಾಲದಲ್ಲಿದ್ದಾಳೆ, ಬದುಕಿದ್ದರೆ. ಇಲ್ಲಿ ಕಂಡವರು ಯಾರೂ ಇಲ್ಲ, ಅತ್ತೆಯೂ ಈಗಿಲ್ಲ.

"ಏನಂದೆ?" ಎಂದಳು ಕರಿಬಸಮ್ಮ.

"ಎಲ್ರಂಗ ತಲ ಮುಂದಾಗೇ ಹುಟ್ದೋಳು. ನಮ್ಮತ್ತ ಸುಳ್ ಏಳ್ಕೊಂಡ್ ಬಂದ್ಳು. ನಾ ಸುಮ್ನಿದ್ದೆ."

ಕೊಟ್ಟಿಗೆಯಲ್ಲಿ ಕರು ಒಂದು ಸಲ ಕೂಗಿತು. ಚಾಪೆಯ ಮೇಲಿನಿಂದ, ಮುಖ ಎತ್ತಲಾಗದೆ, ನೀಲಕಂಠಸ್ವಾಮಿ ನೆಲಕ್ಕೇ ಕೇಳಿದ. "ಅಂಗಾರೆ ಇಷ್ಟ್ ವರ್ಷ ನನ್ ಬೆನ್ ಮ್ಯಾಲ?"

"ಕಾಲ್ ಮಡಗಿದ್ದೆ ಬುದ್ದಿ."

"ಬರೀ ಕಾಲು?"

"ಬರೀ ಕಾಲು."

ಕೊಟ್ಟಿಗೆಯ ಬಾಗಿಲಲ್ಲಿ ಯಾರೋ ನಗು ತಡೆಯಲು ಕೆಮ್ಮಿದರು. ಕರಿಬಸಮ್ಮನ ಮುಖದಲ್ಲಿ ಮೊದಲು ಸಿಟ್ಟು ಬರಲಿಲ್ಲ, ಲೆಕ್ಕ ಬಂತು: ಈ ಹಿತ್ತಲಿಗೆ ಇವಳು ಬಂದು ಹೋದ ಬೆಳಗುಗಳು, ಆಮೇಲೆ ಯಜಮಾನರು ಅದೇ ಮೈಯಲ್ಲಿ ಕೂತ ಪೂಜೆಗಳು. ಆಮೇಲೆ ಸಿಟ್ಟು ಬಂತು. ಅವಳು ತೊಟ್ಟಿಯಿಂದ ನೀರು ಮೊಗೆದು ಗಂಡನ ಬೆನ್ನಿಗೆ ಸುರಿದಳು. ಚಳಿಯ ಬೆಳಗು. ಆತ ಏಳಲಾರ, ತಿರುಗಲಾರ. "ಸಾಕು ಕಣೆ, ಸಾಕು" ಎನ್ನುತ್ತಿದ್ದರೂ ಅವಳು ಮೊಗೆದು ಮೊಗೆದು ಸುರಿದಳು.

ರಾಜಶೇಖರ್ ಕತ್ತರಿ ಹಿಡಿದೇ ಮೂಗಮ್ಮನ ಹತ್ತಿರ ಬಂದು ದನಿ ತಗ್ಗಿಸಿದ. "ಈ ಮಾತು ಇಲ್ಲಿಗೇ ಬುಡು. ಹೊರಗ್ ಬಂದ್ರೆ ನೆಟ್ಟಗಿರಲ್ಲ."

ಆದರೆ ಹಾಲಿನ ಆಳುಗಳಿಗೆ ಬಾಯಿ ಇತ್ತು. ಮೂಗಮ್ಮ ಬದುವಿನ ಮೇಲೆ ಜಿಗಿಯುತ್ತ ಮನೆ ಸೇರುವ ಮೊದಲೇ ಮಾತು ಟೀ ಅಂಗಡಿ ಸೇರಿತ್ತು. ಅಲ್ಲಿ ಶಿವಮಲ್ಲಪ್ಪ ಎಂಬಾತ ಲೋಟ ಕೆಳಗಿಟ್ಟು ಎದ್ದು ನಿಂತ. "ನನ್ ಕುತ್ಗ ಮ್ಯಾಲ ಕಾಲ್ ಮಡಗವ್ಳ ಕಣ್ಲಾ. ನಾ ಕಯ್ ಮುಗ್ದು ಕಳ್ಸಿದ್ದೀನಿ."

"ಕುತ್ಗ ನೆಟ್ಗಾಗಿತ್ತಲ್ಲಣ್ಣ?"

"ಆಗಿತ್ತು. ಅದ್ ಬ್ಯಾರೆ ಇಚಾರ."

ಅಂದು ಮಧ್ಯಾಹ್ನವೇ ಬದುವಿಗೆ ಜಾಲಿಯ ಮುಳ್ಳು ಬಿತ್ತು. ಹೊಲದಲ್ಲಿ ಅವಳಿಗೆ ಕೆಲಸವಿಲ್ಲ, ಮಂಡಿಯಲ್ಲೂ ಇಲ್ಲ. ಮುದ್ದಯ್ಯನನ್ನು ಮಂಡಿಯವರು ಬಿಡಿಸಲಿಲ್ಲ. ಅವನೇ ಹೆಂಡತಿಯ ಜೊತೆ ಮಾತು ಬಿಟ್ಟು, ಅಲ್ಲಿ ಅದನ್ನು ಹೇಳಿಕೊಂಡು ಉಳಿದ. ಅವಳ ಮುಂದೆ ಹಾದುಹೋಗುವ ಗಂಡಸರು ನೆಲಕ್ಕೆ ಉಗುಳಿ ಹೋಗುತ್ತಿದ್ದರು. ಅವಳ ಬೀದಿಯ ಕೆಲವು ಹುಡುಗರಿಗೆ ಮಾತ್ರ ಈ ಸಂಗತಿ ಬೇರೆ ರೀತಿ ಹಿಡಿಸಿತ್ತು. ಹಾಗೆ ಉಗುಳಿದವರನ್ನು ಕಂಡರೆ, "ಅಣ್ಣ, ಬೆನ್ನು ಎಂಗದ?" ಎಂದು ಕೇಳುತ್ತಿದ್ದರು. ಅದರಿಂದ ಎರಡು ಸಲ ಹೊಡೆದಾಟವಾಯಿತು, ಎರಡಕ್ಕೂ ಮೂಗಮ್ಮನೇ ಕಾರಣ ಎಂದಾಯಿತು.

ಊರು ಕೊಟ್ಟ ಶಿಕ್ಷೆಯೂ ಡಾಕ್ಟರು ಹೇಳಿದ ಚಿಕಿತ್ಸೆಯೂ ಒಂದೇ ಆಗಿತ್ತು: ಕೂತಿರುವುದು. ಮೂಗಮ್ಮ ಕೂತಳು. ಮಾನಸ ಅಕ್ಕಿ ಬೇಳೆ ತಂದು ಹಾಕಿ ಹೋಗುತ್ತಿದ್ದಳು. ಕಟ್ಟು ಬಿಚ್ಚಿಸಿದಾಗ ಬಲಗಾಲು ಬೇರೆ ಯಾರದೋ ಕಾಲಿನ ಹಾಗೆ ಸಣಕಲಾಗಿ, ಸಿಪ್ಪೆ ಏಳುತ್ತಿತ್ತು. ಡಾಕ್ಟರು ಹಿಮ್ಮಡಿಯನ್ನು ಎಳೆದು ನೋಡಿ, "ಹಿಡಿದುಕೊಳ್ಳುತ್ತಿದೆ. ಆದರೆ ಇನ್ನೂ ಹಸಿ" ಎಂದರು. ಲೇಸು ಬಿಗಿಯುವ ಗಟ್ಟಿ ಕಾಲುಪಟ್ಟಿ ಕೊಟ್ಟರು. ಗೋಡೆಯ ಪಕ್ಕ ಬಲಗಾಲೊಂದರ ಮೇಲೇ ನಿಲ್ಲುವುದನ್ನು ಕಲಿಸಿದರು. ಪಟ್ಟಿ ಕೂಡಿದರೆ ಸಾಲದು, ನೆಲ ಎಲ್ಲಿದೆ ಎಂಬುದು ಕಾಲಿಗೆ ಮತ್ತೆ ತಿಳಿಯಬೇಕು ಎಂದರು. ಅವಳು ಅಂಗಳದಲ್ಲಿ ನಿಂತರೆ ದೊಡ್ಡಮಲ್ಲಮ್ಮ ಎದುರಿನಿಂದ, "ಕೊಕ್ಕರ ಮೀನ್ ಇಡೀತಾ ಅದ ನೋಡ್ರವ್ವ" ಎನ್ನುತ್ತಿದ್ದಳು.

"ಬಾ, ನಿನ್ನೇ ಇಡೀತೀನಿ" ಎನ್ನುತ್ತಿದ್ದಳು ಮೂಗಮ್ಮ, ಅಲುಗಾಡುವ ಕಾಲಿನ ಮೇಲಿನಿಂದ.

ದೊಡ್ಡಮನೆಯಲ್ಲಿ ಮಾತ್ರ ಸಂಕಟ ಬೇರೆಯಾಗಿತ್ತು. ನೀಲಕಂಠಸ್ವಾಮಿಯ ಸೊಂಟ ಒಮ್ಮೆ ಬಿಟ್ಟು ಮತ್ತೆ ಹಿಡಿದಿತ್ತು. ಅದಕ್ಕಿಂತ ಹೆಚ್ಚಾಗಿ, ನೆಂಟರ ಮನೆಗಳಲ್ಲಿ ಪಂಕ್ತಿಯಲ್ಲಿ ಕೂತಾಗ ಜನ ಅವನ ಬೆನ್ನು ನೋಡುತ್ತಿದ್ದರು, ಅಥವಾ ನೋಡುತ್ತಿದ್ದಾರೆ ಎಂದು ಅವನಿಗೆ ಅನಿಸುತ್ತಿತ್ತು. ಮೂಗಮ್ಮ ಹೇಳಿದ್ದು ಸುಳ್ಳಾದರೆ ಮಾತ್ರ ಅವರ ಮಾನ ಉಳಿಯುತ್ತಿತ್ತು. ಕೊನೆಗೆ ರಾಜಶೇಖರ್ ಕಾರು ತೆಗೆದುಕೊಂಡು ಉಡಿಗಾಲಕ್ಕೇ ಹೋದ.

ಅವನು ಹಿಂದಿರುಗಿದ್ದು ಮರುದಿನ ಬೆಳಿಗ್ಗೆ, ಮೂಗಮ್ಮ ಚಾಮರಾಜನಗರಕ್ಕೆ ಕಾಲು ತೋರಿಸಲು ಹೊರಟ ಹೊತ್ತಿಗೆ. ಕಾಲುಪಟ್ಟಿಯ ಲೇಸು ಬಿಗಿದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕಾರು ಬೀದಿಯೊಳಕ್ಕೇ ಬಂತು. ಒಂದು ಕಡೆ ತೆರೆದ ಚರಂಡಿ, ಇನ್ನೊಂದು ಕಡೆ ಮನೆಗಳ ಮುಂದೆ ಹಾಕಿದ ಮೆಟ್ಟಿಲ ಕಲ್ಲುಗಳು. ನಡುವೆ ಕಾರಿಗಷ್ಟೇ ಜಾಗ. ಮುಂದಿನ ಸೀಟಿನಲ್ಲಿ ಕರಿಬಸಮ್ಮ ಕೂತಿದ್ದಳು. ಗಾಜು ಇಳಿಸಿದಳು, ಕೆಳಗೆ ಇಳಿಯಲಿಲ್ಲ. ರಾಜಶೇಖರ್ ಇಳಿದು ಫೋನನ್ನು ಎತ್ತಿ ಹಿಡಿದ. ಬೀದಿಯವರೆಲ್ಲ ಬಂದರು. ಶಿವಮಲ್ಲಪ್ಪನೂ ಕಾರಿನ ಹಿಂದೆಯೇ ನಡೆದು ಬಂದಿದ್ದ.

ಫೋನಿನಲ್ಲಿ ಹಲ್ಲಿಲ್ಲದ ಮುದುಕಿಯೊಬ್ಬಳು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹೇಳುತ್ತಿದ್ದಳು. "ಮೂಗೀನಾ? ಅಯ್ಯೋ, ಅವಳ ಎಂಗ್ ಮರೆತೇನು ಕಣಪ್ಪ. ಕಾಲೇ ಮುಂದಾಗಿ ಬಂದ್ಳು. ಬಲಗಾಲೇ. ಅವರವ್ವ ಉಳೀತಾಳ ಅಂತ ನಂಗ್ ನಂಬ್ಕನೇ ಇರ್ನಿಲ್ಲ. ಚೆನ್ನಾಗವ್ಳಾ ಮಗ?"

ಬೀದಿಯಲ್ಲಿ ಒಂದು ನಿಟ್ಟುಸಿರು ಹರಡಿತು. ಶಿವಮಲ್ಲಪ್ಪ ತನ್ನ ಕುತ್ತಿಗೆಯನ್ನು ಸವರಿಕೊಂಡ. ಕರಿಬಸಮ್ಮನ ಮುಖ ಎಷ್ಟೋ ದಿನಗಳ ಮೇಲೆ ಬಿಚ್ಚಿಕೊಂಡಿತ್ತು.

"ನೋಡು, ಎಂಥಾ ಸುಳ್ ಏಳಿ ನಮ್ಮ ಮಾನ ಕಳ್ದೆ. ಓಗ್ಲಿ, ಆದದ್ದಾಯ್ತು. ಮುಳ್ ತಗೆಸ್ತೀನಿ. ನಾಳ ಬೆಳಗ್ಗ ಬಾ. ಅವ್ರಿಗೆ ಮತ್ತ ಇಡ್ಕೊಂಡದ."

"ಬುದ್ದಿ, ಆ ಮುದುಕೀನ ಇನ್ನೊಂದ್ ಸಲ ತೋರ್ಸಿ" ಎಂದಳು ಮೂಗಮ್ಮ.

ರಾಜಶೇಖರ್ ತೋರಿಸಿದ. ಅವಳು ಪುಟ್ಟಸಿದ್ದಮ್ಮನ ಮುಖವನ್ನು ಹತ್ತಿರದಿಂದ ನೋಡಿದಳು. ಕೊನೆಯ ಪ್ರಶ್ನೆಗೆ ರಾಜಶೇಖರ್ ಉತ್ತರ ಕೊಡದೆ ಫೋನು ನಿಲ್ಲಿಸಿದ್ದ.

"ದಿಟ. ಬಲಗಾಲೇ ಮುಂದಾಗಿ ಹುಟ್ದೋಳು. ನಾ ಏಳಿದ್ದು ಸುಳ್ಳು."

"ಒಪ್ಕೊಂಡ್ಳಲ್ಲ" ಎಂದಳು ಕರಿಬಸಮ್ಮ. "ನಾಳ ಬಾ."

"ಬರಲ್ಲ."

"ಇನ್ಯಾಕ?"

"ಕಾಲ್ ನೋಯ್ತದ."

ಕರಿಬಸಮ್ಮ ಅರ್ಥವಾಗದವಳಂತೆ ನೋಡಿದಳು. ಸುತ್ತಲಿದ್ದವರೂ ಹಾಗೇ ನೋಡಿದರು. ಮೂಗಮ್ಮನ ಸುಳ್ಳು ಎಲ್ಲರಿಗೂ ಒಂದೇ ಸಲಕ್ಕೆ ತಿಳಿದಿತ್ತು. ಇದು ತಿಳಿಯಲು ಹೊತ್ತು ಹಿಡಿಯಿತು.

"ನೋಯ್ತದ ಅಂತ ಬರಲ್ವಾ?"

"ಊಂ ಅವ್ವಾರೆ."

"ಮುಳ್ ಅಲ್ಲೇ ಇರ್ತದ."

"ಇರ್ಲಿ."

"ನಿನ್ ಗಂಡನ್ನೂ ಮಂಡಿಯಿಂದ ಬುಡಿಸ್ತೀನಿ."

"ಅವ್ನ್ ಕಾಲ್ ಅವನ್ದು. ಅವನ್ನೇ ಕೇಳಿ."

ಗುಂಪಿನ ಹಿಂದಿನಿಂದ ಮುದ್ದಯ್ಯ ಅವಳ ತಾಯಿಯನ್ನೂ ಸೇರಿಸಿ ಬೈದ. ಬಹಳ ದಿನಗಳ ಮೇಲೆ ಅವನು ಆಡಿದ ಮೊದಲ ಮಾತು ಅದು. ಮೂಗಮ್ಮ ಅತ್ತ ತಿರುಗಲಿಲ್ಲ. ಕೆರೆಯ ಏರಿ ಸುತ್ತಿ ರಸ್ತೆ ಸೇರಲು ಹೊತ್ತು ಬೇಕು, ಬಸ್ಸು ಕಾಯುವುದಿಲ್ಲ. ಅವಳು ನಾಲ್ಕು ಹೆಜ್ಜೆ ಬಂದು ಕಾರಿನ ಮುಂದೆ ನಿಂತಳು. ಎಡಕ್ಕೆ ಚರಂಡಿಯ ಜಾರು ಅಂಚು, ಬಲಕ್ಕೆ ಅಲುಗುವ ಕಲ್ಲು. ಹಿಂದಾದರೆ ಕಲ್ಲಿನಿಂದ ಕಲ್ಲಿಗೆ ದಾಟಿ ಹೋಗಿಬಿಡುತ್ತಿದ್ದಳು.

"ಕಾರ್ ಹಿಂದಕ್ ತಗೀರಿ ಬುದ್ದಿ."

"ಪಕ್ಕದಲ್ಲಿ ಹೋಗು."

"ಆ ಕಲ್ ಮ್ಯಾಲ ಈ ಕಾಲ್ ಮಡಗಲ್ಲ."

ರಾಜಶೇಖರ್ ಅವ್ವನ ಮುಖ ನೋಡಿದ. ಕರಿಬಸಮ್ಮ ಗಾಜು ಏರಿಸಿ ನೇರ ಮುಂದಕ್ಕೆ ನೋಡುತ್ತ ಕೂತಳು. ನೇರ ಮುಂದೆ ಮೂಗಮ್ಮ ಇದ್ದಳು. ಬೀದಿಯಲ್ಲಿ ಯಾರೂ ಜಾಗ ಬಿಡಿ ಎನ್ನಲಿಲ್ಲ, ಯಾರೂ ಅವಳ ಕೈ ಹಿಡಿದು ಕಲ್ಲು ದಾಟಿಸಲೂ ಬರಲಿಲ್ಲ. ಹಿಂದಿದ್ದ ಶಿವಮಲ್ಲಪ್ಪ ಕೊನೆಗೆ ತಾನೇ ಬೇಸತ್ತು, "ತಗೀರಪ್ಪ, ತಗೀರಿ, ನಂಗೂ ಹೊಲ ಅದ" ಎಂದ.

ರಾಜಶೇಖರ್ ಹತ್ತಿ ಕಾರನ್ನು ಹಿಂದಕ್ಕೆ ಬಿಟ್ಟ. ಬೀದಿಯುದ್ದಕ್ಕೂ ತಿರುಗಿಸಲು ಎಲ್ಲೂ ಜಾಗವಿರಲಿಲ್ಲ. ಕಾರು ಚರಂಡಿಯನ್ನು ತಪ್ಪಿಸುತ್ತ, ನಿಂತು ನಿಂತು, ನಲ್ಲಿಯವರೆಗೂ ಹಿಂದೆ ಹಿಂದೆ ಹೋಯಿತು. ಮೂಗಮ್ಮ ಅದರ ಮೂತಿಯ ಮುಂದೆಯೇ, ಪ್ರತಿ ಸಲವೂ ಬಲಗಾಲನ್ನು ಇಡುವ ಜಾಗವನ್ನು ಮೊದಲು ನೋಡಿಕೊಂಡು, ನಿಧಾನವಾಗಿ ನಡೆದಳು.